ನಾಲ್ಕು ತಂತಿ ಮತ್ತು ವೇದಿಕೆಯ ಹಿಂದಿನ ಕೋಣೆ

(2003–07ರ ಸಾಲಿನ ಎಲೆಕ್ಟ್ರಾನಿಕ್ಸ್ ವಿಭಾಗದ ಹಳೆಯ ವಿದ್ಯಾರ್ಥಿಯ ನೆನಪು)

ನಮ್ಮ ಕಾಲೇಜಿನ ಆಡಿಟೋರಿಯಂ ವೇದಿಕೆಯ ಹಿಂದೆ ಎಡಗಡೆಗೆ ಒಂದು ಕೋಣೆ ಇತ್ತು. ಕಾಲು ಮುರಿದ ಬೆಂಚು, ಬಣ್ಣ ಹೋದ ಬ್ಯಾನರು, ಹರಿದ ವಾಲಿಬಾಲ್ ನೆಟ್ಟು, ಗಣೇಶನ ಹಬ್ಬದ ಸೀರಿಯಲ್ ಲೈಟು, ಎಲ್ಲ ಅಲ್ಲೇ ಬಿದ್ದಿರುತ್ತಿದ್ದವು. ನಾವು ಎರಡನೇ ವರ್ಷಕ್ಕೆ ಬಂದಾಗ ಸಾಂಸ್ಕೃತಿಕ ಸಮಿತಿಯವರು ಅದರ ಬೀಗದ ಕೈ ನಮ್ಮ ಬ್ಯಾಂಡಿಗೆ ಕೊಟ್ಟರು. ಸಂಜೆ ಐದರಿಂದ ಏಳೂವರೆಯವರೆಗೆ ಮಾತ್ರ, ಹೋಗುವಾಗ ಫ್ಯಾನ್ ಆರಿಸಬೇಕು ಎಂಬ ಷರತ್ತು. ಮೈಸೂರಿನ ಆ ನಾಲ್ಕು ವರ್ಷಗಳಲ್ಲಿ ಎಲೆಕ್ಟ್ರಾನಿಕ್ಸ್ ನನಗೆ ನಿಜವಾಗಿ ತಲೆಗೆ ಹತ್ತಿದ್ದು ಆ ಕೋಣೆಯಲ್ಲಿ, ಕೈಯಲ್ಲಿ ತಗ್ಗು ಸ್ವರದ ಬೇಸ್ ಗಿಟಾರ್ ಇದ್ದಾಗ. ನನ್ನ ಗುರುಗಳು ಇದನ್ನು ಓದಿದರೆ ಬೇಜಾರು ಮಾಡಿಕೊಳ್ಳಲಾರರು ಅಂದುಕೊಂಡಿದ್ದೇನೆ.

ಬ್ಯಾಂಡ್ ಕಟ್ಟುವ ಹೊತ್ತಿಗೆ ಗಿಟಾರ್ ನುಡಿಸುವವರು ಇಬ್ಬರು ಆಗಲೇ ಇದ್ದರು. ಡ್ರಮ್ಸ್‌ಗೆ ಸಿವಿಲ್‌ನ ಒಬ್ಬ, ಹಾಡುವುದಕ್ಕೆ ಕಂಪ್ಯೂಟರ್ ಸೈನ್ಸ್‌ನ ಹುಡುಗಿ. ಚಿಕ್ಕಂದಿನಿಂದ ಕರ್ನಾಟಕ ಸಂಗೀತ ಕಲಿತವಳು. ಉಳಿದಿದ್ದು ಬೇಸ್. "ನೀನು ಬೇಸ್ ಹಿಡ್ಕೊಳೋ" ಅಂದರು, ಹಿಡಿದುಕೊಂಡೆ. ಹಾಸ್ಟೆಲಿನ ಸೀನಿಯರ್ ಒಬ್ಬರು ಕೋರ್ಸ್ ಮುಗಿಸಿ ಹೋಗುವಾಗ ತಮ್ಮ ಬೇಸನ್ನು 4,500 ರೂಪಾಯಿಗೆ ಬಿಟ್ಟುಕೊಟ್ಟರು, ಅದೂ ಮೂರು ಕಂತಿನಲ್ಲಿ. ಫೆಂಡರ್ ಕಂಪನಿಯ ಪ್ರಿಸಿಷನ್ ಬೇಸ್‌ನ ಮಾದರಿಯಲ್ಲೇ ಯಾರೋ ಮಾಡಿದ ಅಗ್ಗದ ವಾದ್ಯ. ತಲೆಯ ಮೇಲಿದ್ದ ಹೆಸರು ಪೂರ್ತಿ ಅಳಿಸಿಹೋಗಿತ್ತು. ಹೆಗಲಿಗೆ ಹಾಕಿಕೊಂಡರೆ ಎಡಭುಜ ಇಳಿದುಬಿಡುವಷ್ಟು ಭಾರ. ಮೊದಲ ಸಲ ದಪ್ಪನೆಯ ಇ ತಂತಿಯನ್ನು ಎಲ್ಲೂ ಒತ್ತದೆ ಮೀಟಿದಾಗ ಸದ್ದು ಕಿವಿಗಿಂತ ಮೊದಲು ಪಕ್ಕೆಲುಬಿಗೆ ತಗಲಿತು. ಅವತ್ತಿನಿಂದ ಗಿಟಾರ್‌ನ ಆಸೆ ನನಗೆ ಮತ್ತೆ ಬರಲೇ ಇಲ್ಲ.

ನಮ್ಮ ಹತ್ತಿರ ಇದ್ದದ್ದು ಒಂದು ಬೇಸ್, ಎರಡು ಗಿಟಾರ್, ಸದ್ದು ಹೆಚ್ಚಿಸಲು ಒಂದು 15 ವ್ಯಾಟಿನ ಆಂಪ್. ಕ್ಯಾಂಟೀನಿನಲ್ಲಿ ಕೂತು ನಾವು ಮಾತಾಡುತ್ತಿದ್ದದ್ದು ಮಾತ್ರ ಲೋಕದಲ್ಲಿರುವ ಅಷ್ಟೂ ಬೇಸ್‌ಗಳ ಬಗ್ಗೆ. ಆಳೆತ್ತರದ ಡಬಲ್ ಬೇಸ್ ಹೊತ್ತು ತಿರುಗುವವರ ಕಷ್ಟ ನೋಡಿ ಲಿಯೋ ಫೆಂಡರ್ 1951ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗಿಟಾರ್‌ನಂತೆ ಹೆಗಲಿಗೆ ಹಾಕಿಕೊಳ್ಳುವ ಬೇಸ್ ತಂದದ್ದು, ಕತ್ತಿನ ಮೇಲೆ ಅಡ್ಡಲಾಗಿ ಲೋಹದ ಪಟ್ಟಿ, ಅಂದರೆ ಫ್ರೆಟ್ ಇರುವುದರಿಂದ ಸ್ವರ ಕರಾರುವಾಕ್ಕಾಗಿ ಬೀಳುತ್ತದೆಂದು ಅದಕ್ಕೆ 'ಪ್ರಿಸಿಷನ್' ಎಂಬ ಹೆಸರು ಬಂದದ್ದು, 34 ಇಂಚಿನ ತಂತಿಯ ಉದ್ದ ಇವತ್ತಿಗೂ ಹೆಚ್ಚುಕಡಿಮೆ ಎಲ್ಲರೂ ಅನುಸರಿಸುವ ಅಳತೆಯಾಗಿ ಉಳಿದದ್ದು, 1960ರಲ್ಲಿ ಕತ್ತು ಸಣ್ಣಗಿರುವ ಜಾಜ್ ಬೇಸ್ ಬಂದದ್ದು, ಇವೆಲ್ಲ ನಮಗೆ ಬಾಯಿಪಾಠ. ಅಸಲಿ ಪ್ರಿಸಿಷನ್ ಬೇಸನ್ನು ನಮ್ಮಲ್ಲಿ ಒಬ್ಬರೂ ಮುಟ್ಟಿರಲಿಲ್ಲ. ಮನೆಯವರೂ ಕೆಲವು ಸ್ನೇಹಿತರೂ ಇದನ್ನು ಖಾಲಿ ಹರಟೆ ಅನ್ನುತ್ತಿದ್ದರು. ಇಂಥ ಹರಟೆಯಲ್ಲೇ ಹುಡುಗರು ಒಂದು ವಸ್ತುವಿನ ಒಳಗನ್ನು ಅರಿಯುವುದು ಎಂದು ನಾನು ಆಗಲೂ ವಾದಿಸುತ್ತಿದ್ದೆ, ಈಗಲೂ ವಾದಿಸುತ್ತೇನೆ.

ಈ ಹರಟೆಗೆ ಒಂದು ದಿನ ಹೊಸಬರು ಬಂದು ಸೇರಿದರು, ನಮ್ಮ ವಿಭಾಗದ ಲ್ಯಾಬ್ ಅಸಿಸ್ಟೆಂಟ್. ಆಗ ಅವರಿಗೆ ಐವತ್ತರ ಹತ್ತಿರ. ನಾಲ್ಕು ವರ್ಷವೂ ನಾವು ಅವರನ್ನು 'ಸಾರ್' ಎಂದೇ ಕರೆದೆವು. ಎಂಬತ್ತರ ದಶಕದಲ್ಲಿ ಮಂಡ್ಯ, ಮೈಸೂರು ಕಡೆಯ ಗಣೇಶನ ಪೆಂಡಾಲುಗಳಲ್ಲಿ ಆರ್ಕೆಸ್ಟ್ರಾಕ್ಕೆ ಬೇಸ್ ನುಡಿಸುತ್ತಿದ್ದರಂತೆ. ಎರಡು ವರ್ಷ ದಿನವೂ ಅವರ ಕೈಯಿಂದ ಪ್ರೋಬು, ಬ್ರೆಡ್‌ಬೋರ್ಡು ಇಸಿದುಕೊಳ್ಳುತ್ತಿದ್ದ ನಮಗೆ ಇದು ಗೊತ್ತೇ ಇರಲಿಲ್ಲ. ನನ್ನ ಬೇಸ್ ಹಿಡಿದು ಕತ್ತಿನ ಉದ್ದಕ್ಕೂ ಒಂದು ಸಲ ಕಣ್ಣು ಹಾಯಿಸಿ, "ಕತ್ತು ಬಿಲ್ಲಿನ ಥರ ಬಾಗಿದೆ ಕಣಪ್ಪ, ತಂತಿ ಇಷ್ಟು ಎತ್ತರದಲ್ಲಿದ್ರೆ ಬೆರಳು ಬೊಬ್ಬೆ ಬರದೆ ಇನ್ನೇನಾಗುತ್ತೆ?" ಅಂದರು. ಡ್ರಾಯರ್‌ನಿಂದ ಅಲೆನ್ ಕೀ ತಂದು, ಕತ್ತಿನೊಳಗಿನ ಕಂಬಿಯನ್ನು ಕಾಲು ಸುತ್ತು ಮಾತ್ರ ಬಿಗಿ ಮಾಡಿ, "ಇವತ್ತಿಗೆ ಇಷ್ಟು ಸಾಕು, ಮರ ಒಗ್ಗಿಕೊಳ್ಳಲಿ" ಎಂದು ಎತ್ತಿಟ್ಟರು. ಮಾರನೆಯ ದಿನ ಇನ್ನೊಂದು ಕಾಲು ಸುತ್ತು. ಮೂರನೆಯ ದಿನ ಅದು ಬೇರೆಯೇ ವಾದ್ಯವಾಗಿತ್ತು.

ಒಳ್ಳೆಯ ಬೇಸ್ ಇದ್ದಿದ್ದರೆ ಎಂದು ನಾನು ಒಮ್ಮೆ ರಾಗ ಎಳೆದಾಗ ಅವರು ಅಂದ ಮಾತು ಇದು: "ದುಡ್ಡಿಲ್ಲ ಸರಿ, ಕಿವಿನೂ ಇಲ್ವೇನಪ್ಪಾ?" ಆಮೇಲೆ ಮನೆಯಿಂದ 'ಪಲ್ಲವಿ ಅನುಪಲ್ಲವಿ'ಯ ಕ್ಯಾಸೆಟ್ ತಂದುಕೊಟ್ಟರು. 1983ರ ಆ ಚಿತ್ರಕ್ಕೆ ಇಳಯರಾಜಾ ಅವರ ಸಂಗೀತ. "ಹಾಡು ಬಿಡು, ಪಿಟೀಲೂ ಬಿಡು. ಕೆಳಗಡೆ ಬೇಸ್ ಏನು ಹೇಳ್ತಾ ಇದೆ, ಅದೊಂದನ್ನೇ ಬಾಯಲ್ಲಿ ಹಾಡ್ಕೊಂಡು ಬಾ. ಆಮೇಲೆ ತಂತಿ ಮುಟ್ಟು." ವಾಕ್‌ಮನ್‌ನಲ್ಲಿ ಒಂದು ವಾರ ಕೇಳಿದೆ. ಹುಟ್ಟಿದಾಗಿನಿಂದ ಕಿವಿಗೆ ಬೀಳುತ್ತಿದ್ದ ಹಾಡುಗಳ ಅಡಿಯಲ್ಲಿ ಇನ್ನೊಂದು ಹಾಡು ತನ್ನ ಪಾಡಿಗೆ ಹರಿಯುತ್ತಿದೆ ಎಂದು ಅವತ್ತಿನವರೆಗೆ ನನಗೆ ತಿಳಿದಿರಲಿಲ್ಲ.

ಇನ್ನು ಹಮ್ಮಿಂಗ್ ಕಥೆ. ಬೇಸ್‌ನ ವೈರ್ ಆಂಪ್‌ಗೆ ಚುಚ್ಚಿದ ಕೂಡಲೇ ಗುಂಯ್ ಎಂದು ಶುರುವಾಗುತ್ತಿತ್ತು. ಗಾಯಕಿ ಅದನ್ನು ಸ್ವಲ್ಪ ಹೊತ್ತು ಕೇಳಿ, "ಇದು ನಿನ್ನ ಜಿ ಸ್ವರಕ್ಕಿಂತ ಒಂದು ಎಳೆ ಮೇಲಿದೆ, ಶ್ರುತಿ ಕೆಡ್ತಾ ಇದೆ" ಅಂದಳು. ಅವಳ ಕಿವಿಗೆ ಇವತ್ತಿಗೂ ಕೈ ಮುಗಿಯುತ್ತೇನೆ. ನಮ್ಮ ಕರೆಂಟು 50 ಹರ್ಟ್ಜ್; ಅದರ ಗುಂಯ್ ಕೇಳಿಸುವುದು 50ರಲ್ಲೋ ಅದರ ದುಪ್ಪಟ್ಟು 100ರಲ್ಲೋ. ಇ ತಂತಿಯ ಮೂರನೇ ಫ್ರೆಟ್‌ನಲ್ಲಿ ಸಿಗುವ ಜಿ ಸ್ವರ 49 ಹರ್ಟ್ಜ್. ಗೋಡೆಯೊಳಗಿನ ಕರೆಂಟು ನಮ್ಮ ಹಾಡಿಗೆ ಅಪಶ್ರುತಿ ಹಿಡಿದು ಕೂತಿತ್ತು.

ಕ್ಯಾಂಟೀನಿನಲ್ಲಿ ಇದರ ಮೇಲೆ ಮೂರು ದಿನ ವಾದ ನಡೆಯಿತು. ನನ್ನ ವಾದ, ಈ ಬೇಸ್ ಗುಂಯ್‌ಗುಡಲೇಬಾರದು ಎಂದು. ತಂತಿಯ ಕಂಪನವನ್ನು ವಿದ್ಯುತ್ತಾಗಿ ಮಾಡುವ ಆಯಸ್ಕಾಂತ-ಸುರುಳಿಯೇ ಪಿಕಪ್. 1957ರಿಂದ ಪ್ರಿಸಿಷನ್ ಬೇಸ್‌ನ ಪಿಕಪ್ ಎರಡು ತುಂಡಾಗಿದೆ. ಒಂದರ ಸುತ್ತು ಇನ್ನೊಂದಕ್ಕೆ ವಿರುದ್ಧ, ಆಯಸ್ಕಾಂತದ ಧ್ರುವವೂ ವಿರುದ್ಧ. ಹೊರಗಿನಿಂದ ಬರುವ ಗದ್ದಲ ಎರಡರಲ್ಲೂ ಉಲ್ಟಾ ಆಗಿ ಹುಟ್ಟಿ ಒಂದನ್ನೊಂದು ಅಳಿಸಿಹಾಕುತ್ತದೆ, ತಂತಿಯ ಸದ್ದು ಉಳಿಯುತ್ತದೆ. ನನ್ನದರಲ್ಲೂ ಅಂಥದ್ದೇ ಪಿಕಪ್. ಡ್ರಮ್ಮರ್ ಕಟ್ಟಡದ ಅರ್ತಿಂಗ್ ಸರಿಯಿಲ್ಲ ಅಂದ. ಟ್ಯೂಬ್‌ಲೈಟ್ ಆರಿಸಿ ನೋಡಿದೆವು, ಆಂಪ್ ಬೇರೆ ಕೋಣೆಗೆ ಒಯ್ದೆವು. ಗುಂಯ್ ಹಾಗೇ ಇತ್ತು.

ಸಾರ್ ಬಂದು ಸೋಲ್ಡರಿಂಗ್ ಐರನ್ ಪ್ಲಗ್‌ಗೆ ಹಾಕಿ ಕಾಯಲು ಬಿಟ್ಟು, "ವೈರ್ ಚುಚ್ಚೋ ಜ್ಯಾಕ್‌ನ ಲೋಹ ಮುಟ್ಟು" ಅಂದರು. ಮುಟ್ಟಿದೆ, ಸದ್ದು ಥಟ್ಟನೆ ಇಳಿಯಿತು. "ಈಗ ಅದನ್ನ ಬಿಟ್ಟು ತಂತಿ ಮುಟ್ಟು." ಮುಟ್ಟಿದೆ, ಏನೂ ಬದಲಾಗಲಿಲ್ಲ. "ಆಯ್ತಲ್ಲ, ತಂತಿಗೆ ಅರ್ತ್ ಇಲ್ಲ. ನಿನ್ನ ಮೈಯೇ ಏರಿಯಲ್ ಆಗಿ ಗದ್ದಲ ಹಿಡಿದು ಕೊಡ್ತಿದೆ." ತಂತಿಗಳ ಬುಡ ಹಿಡಿದಿಡುವ ಬ್ರಿಡ್ಜಿನ ಐದು ಸ್ಕ್ರೂ ಬಿಚ್ಚಿ ಎತ್ತಿದರೆ, ಅದರ ಅಡಿಯಿಂದ ವಾಲ್ಯೂಮ್ ಗುಬುಟಿನ ಕೆಳಗಿನ ಪಾಟ್‌ಗೆ ಹೋಗಬೇಕಾದ ತಾಮ್ರದ ಎಳೆ ಮರದ ರಂಧ್ರದ ಬಾಯಲ್ಲೇ ತುಂಡಾಗಿ ಹಸಿರುಗಟ್ಟಿತ್ತು. ಹೊಸ ಎಳೆ ತೂರಿಸಿದೆವು. ಪಾಟ್‌ನ ಬೆನ್ನನ್ನು ಬ್ಲೇಡಿನಿಂದ ಕೆರೆದು, ಐರನ್ ಇಟ್ಟು, ಲೆಡ್ ಕರಗಿ ಕನ್ನಡಿಯಂತೆ ಹೊಳೆಯುವವರೆಗೆ ಕಾದು, ಊದದೆ ತಣಿಯಲು ಬಿಟ್ಟರು. ಮತ್ತೆ ಆಂಪ್‌ಗೆ ಚುಚ್ಚಿ ತಂತಿಯ ಮೇಲೆ ಕೈ ಇಟ್ಟೆ. ಫ್ಯಾನ್ ತಿರುಗುವ ಸದ್ದು ಕೇಳಿಸಿತು! ಅದೇ ಭರದಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ 250 ಕಿಲೋ ಓಮ್‌ನ ಪಾಟ್, 0.047 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ತರಿಸಿ ಟೋನ್ ಕಂಟ್ರೋಲನ್ನೂ ಹೊಸದು ಮಾಡಿದೆವು. ಲ್ಯಾಬ್ ರೆಕಾರ್ಡಿನಲ್ಲಿ ಗ್ರಾಫ್ ಎಳೆದು ಸಹಿ ಹಾಕಿಸಿಕೊಂಡಿದ್ದ ಆರ್‌ಸಿ ಫಿಲ್ಟರ್ ಅಂದರೆ ಇದೇ, ಗುಬುಟು ತಿರುಗಿಸಿದರೆ ಸದ್ದು ಮಂದವಾಗುವುದು ಇದರಿಂದಲೇ ಎಂದು ಬೆರಳ ತುದಿಯಲ್ಲಿ ಗೊತ್ತಾಯಿತು.

ತಂತಿಯದು ಬೇರೆ ಪಾಡು. ಹೊಸ ಸೆಟ್ ಬೇಕೆಂದರೆ ಒಂದು ತಿಂಗಳ ಮೆಸ್ ಬಿಲ್ಲಿನಷ್ಟು ದುಡ್ಡು. ಹಳೆಯ ತಂತಿಯ ಸುತ್ತುಗಳ ನಡುವೆ ಬೆವರು, ಜಿಡ್ಡು ಕೂತು ಸದ್ದು ಸತ್ತಿರುತ್ತಿತ್ತು. ಅಂಥವನ್ನು ಬಿಚ್ಚಿ, ಸುರುಳಿ ಮಾಡಿ, ಮೆಸ್ಸಿನ ಭಟ್ಟರ ಕೈಕಾಲು ಹಿಡಿದು ಇಸಿದುಕೊಂಡ ಹಳೆಯ ಪಾತ್ರೆಯಲ್ಲಿ ಹತ್ತು ನಿಮಿಷ ಕುದಿಸುತ್ತಿದ್ದೆವು. ನೀರು ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಒರೆಸಿ, ತುಕ್ಕು ಹಿಡಿಯದಂತೆ ಟೆರೇಸಿನ ಬಿಸಿಲಲ್ಲಿ ಒಣಗಿಸಿ ಮತ್ತೆ ಕಟ್ಟಿದರೆ ನಾಲ್ಕೈದು ದಿನ ಗಂಟೆಯಂಥ ನಾದ. ಕುದಿಸಬೇಕೋ ಬೇಡವೋ ಎಂಬ ವಾದಕ್ಕೆ ಮಾತ್ರ ಕೊನೆಯಿರಲಿಲ್ಲ. ಡೆಟ್ರಾಯಿಟ್‌ನ ಮೋಟೌನ್ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ತಂತಿ ತುಂಡಾಗದ ಹೊರತು ಬದಲಿಸುತ್ತಲೇ ಇರಲಿಲ್ಲ, ಆ ಹಾಡುಗಳ ನಾದ ಇರುವುದೇ ಹಳೆಯ ತಂತಿಯಲ್ಲಿ ಎಂಬುದು ಸಾರ್ ಪಕ್ಷ. ಆಗ ನಾನು ಒಪ್ಪಿರಲಿಲ್ಲ. ಈಗ ನನ್ನ ಬೇಸ್‌ಗೆ ಐದು ವರ್ಷದಿಂದ ಅದೇ ತಂತಿ.

ಕೋಣೆಯ ನಡುವೆ ನಿಂತರೆ ಇ ತಂತಿ ಕೇಳಿಸುತ್ತಲೇ ಇರಲಿಲ್ಲ, ಗೋಡೆಗೆ ಒರಗಿದರೆ ಗುಡುಗು. ಗಲಾಟೆ ಜಾಸ್ತಿಯಾಯಿತೆಂದು ಹೇಳಲು ಬಂದ ಭೌತಶಾಸ್ತ್ರದ ಮೇಷ್ಟ್ರು ಅದನ್ನು ಕೇಳಿ ಬಾಗಿಲಲ್ಲೇ ನಿಂತರು. ಟೇಪ್ ತರಿಸಿ ಕೋಣೆ ಅಳೆಸಿದರು: 14 ಅಡಿಗೆ ಚೂರು ಕಡಿಮೆ. ಇ ತಂತಿ ಸೆಕೆಂಡಿಗೆ 41 ಸಲ ಕಂಪಿಸುತ್ತದೆ, ಅದರ ಅಲೆಯ ಉದ್ದ ಸುಮಾರು 27 ಅಡಿ, ಸರಿಯಾಗಿ ಅರ್ಧ ಅಲೆ ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡಿದೆ, ಅದಕ್ಕೇ ನಡುವೆ ಸೊನ್ನೆ ಎಂದು ಹಳೆಯ ಬ್ಯಾನರಿನ ಹಿಂಬದಿಯಲ್ಲಿ ಬರೆದು ತೋರಿಸಿದರು. ಸ್ಟ್ಯಾಂಡಿಂಗ್ ವೇವ್ ಪಾಠ ಅಲ್ಲಿಗೆ ಮುಗಿಯಿತು. ದೂರು ಹೇಳುವುದನ್ನು ಅವರು ಮರೆತೇಬಿಟ್ಟರು.

2007ರ ಮಾರ್ಚ್ 17, ಶನಿವಾರ, ಬೆಂಗಳೂರಿನ ಅರಮನೆ ಮೈದಾನದಲ್ಲಿ ಇಂಗ್ಲೆಂಡಿನ ರಾಕ್ ಬ್ಯಾಂಡ್ ಐರನ್ ಮೇಡನ್‌ನ ಕಾರ್ಯಕ್ರಮ. ನಾವು ಕೊನೆಯ ಸೆಮಿಸ್ಟರ್‌ನಲ್ಲಿದ್ದೆವು. ಆ ಬ್ಯಾಂಡ್ ಕಟ್ಟಿದವರು ಅದರ ಬೇಸ್ ವಾದಕ ಸ್ಟೀವ್ ಹ್ಯಾರಿಸ್ ಎಂದು ಹೇಳಿದ್ದಕ್ಕೆ ಸಾರ್ ನಮ್ಮ ಜೊತೆ ರೈಲು ಹತ್ತಿದರು. ಅಷ್ಟು ದೊಡ್ಡ ಜನಸಾಗರದಲ್ಲಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮಿಕ್ಸಿಂಗ್ ಕನ್ಸೋಲ್‌ನ ಬೇಲಿಗೆ ಒತ್ತಿ ನಿಂತರು. ಸದ್ದು ಎಲ್ಲಕ್ಕಿಂತ ಚೆನ್ನಾಗಿ ಕೇಳುವ ಜಾಗ ಅದು. ಹ್ಯಾರಿಸ್ ಕೈಯಲ್ಲಿ ಪ್ರಿಸಿಷನ್ ಬೇಸ್, ಅದಕ್ಕೆ ನುಣುಪಾದ ಫ್ಲ್ಯಾಟ್‌ವೌಂಡ್ ತಂತಿ. ಪಿಕ್ ಇಲ್ಲದೆ ಬರೀ ಬೆರಳಿನಲ್ಲಿ ಕುದುರೆ ನಾಗಾಲೋಟ ಓಡುವಂಥ ಲಯ. ಸಾರ್ ತೊಡೆಯ ಮೇಲೆ ಬೆರಳಾಡಿಸುತ್ತಾ ಕಣ್ಣು ಮುಚ್ಚಿಕೊಂಡಿದ್ದರು. ಮುಗಿದ ಮೇಲೆ ಮೆಜೆಸ್ಟಿಕ್‌ವರೆಗೂ ಮಾತಿಲ್ಲ. ಪ್ಲಾಟ್‌ಫಾರಂ ಮೇಲೆ ಕೂತು ಬೆಳಗಿನ ರೈಲಿಗೆ ಕಾಯುವಾಗ, "ಎರಡು ಗಂಟೆ ಹೊಡೆದ್ರೂ ಒಂದೇ ತೂಕ ಕಣಪ್ಪ. ಒಂದು ಏಟೂ ಹಗುರ ಬೀಳ್ಲಿಲ್ಲ" ಅಂದರು.

ಅದೇ ವರ್ಷದ ಕಾಲೇಜ್ ಡೇ ದಿನ ನಾವು ಶಿಶುನಾಳ ಶರೀಫರ ಒಂದು ತತ್ವಪದ ನುಡಿಸಿದೆವು. ಸಾರ್ ತಮ್ಮ ಮೈಕ್‌ಸೆಟ್ ಗೆಳೆಯರಿಂದ 15 ಇಂಚಿನ ಸ್ಪೀಕರ್ ಬಾಕ್ಸ್ ತಂದಿಟ್ಟಿದ್ದರು. ನಮ್ಮ ಪುಟ್ಟ ಆಂಪ್‌ನ ಸ್ಪೀಕರ್ ಹಿಂದಿನ ವಾರವಷ್ಟೇ ಬೇಸ್‌ನ ಹೊಡೆತಕ್ಕೆ ಹರಿದಿತ್ತು. ಬೇಸ್ ಮತ್ತು ಡ್ರಮ್ಸ್ ಎರಡೇ ಇದ್ದ ಎಂಟು ಆವರ್ತದಲ್ಲಿ ನಾನು ನಾಲ್ಕೇ ಸ್ವರ ನುಡಿಸಿದೆ. ಅಷ್ಟು ಕಡಿಮೆ ನುಡಿಸುವುದಕ್ಕೆ ನನಗೆ ಮೂರು ವರ್ಷ ಬೇಕಾಯಿತು.

ಸಾರ್ ನಿವೃತ್ತರಾಗಿ ಬಹಳ ವರ್ಷಗಳಾದವು. ತಿಂಗಳಿಗೊಮ್ಮೆ ಫೋನ್ ಮಾಡುತ್ತೇನೆ. ಮೊಮ್ಮಗಳ ಸುದ್ದಿ ಎರಡು ನಿಮಿಷ, ಪಿಕಪ್ಪಿನ ಎತ್ತರ ಎಷ್ಟಿರಬೇಕು ಎಂಬುದು ಅರ್ಧ ಗಂಟೆ.

ಆ ಹಳೆಯ ಬೇಸ್ ಇನ್ನೂ ನನ್ನ ಬಳಿ ಇದೆ. ಕಾಲೇಜು ಪತ್ರಿಕೆಯ ಈ ಸಂಚಿಕೆ ಬರುವ ಹೊತ್ತಿಗೆ ಅದನ್ನು ಎಲೆಕ್ಟ್ರಾನಿಕ್ಸ್ ವಿಭಾಗದ ಲ್ಯಾಬಿನಲ್ಲಿ ಇಟ್ಟುಹೋಗುತ್ತೇನೆ. ಬೇಸ್ ಇಲ್ಲದ ಬ್ಯಾಂಡ್ ಯಾವುದಾದರೂ ಇದ್ದರೆ ತೆಗೆದುಕೊಳ್ಳಿ. ಚೀಲದಲ್ಲಿ 45–105 ದಪ್ಪದ ಒಂದು ಹೊಸ ಸೆಟ್ ತಂತಿ, ಅಲೆನ್ ಕೀ ಇವೆ. ಕತ್ತಿನ ಕಂಬಿಯನ್ನು ದಿನಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ಗುಂಯ್ ಎಂದರೆ ಮೊದಲು ಜ್ಯಾಕ್ ಮುಟ್ಟಿ, ಆಮೇಲೆ ತಂತಿ ಮುಟ್ಟಿ. ಬ್ರಿಡ್ಜ್ ಕೆಳಗಿನ ಬೆಸುಗೆ ನಮ್ಮ ಸಾರ್ ಹಾಕಿದ್ದು, ಇಲ್ಲಿಯವರೆಗೆ ಬಿಟ್ಟಿಲ್ಲ.