ಆಟಿ 18ರ ಲೆಕ್ಕ

ಮಡಿಕೇರಿಯಿಂದ ಸುಂಟಿಕೊಪ್ಪಕ್ಕೆ ಹೋಗುವ ಹೆದ್ದಾರಿ ಬಿಟ್ಟು ಒಂದೂವರೆ ಕಿಲೋಮೀಟರ್ ಒಳಗೆ ನಡೆದರೆ ಕಾಫಿ ತೋಟದ ನಡುವೆ ನಮ್ಮ ಮನೆ. ಮಳೆಗಾಲದಲ್ಲಿ ಆ ಮಣ್ಣಿನ ದಾರಿಗೆ ಪಾರ್ಸಲ್ ತರುವ ಹುಡುಗರ ಬೈಕು ಇಳಿಯುವುದಿಲ್ಲ. ರಸ್ತೆಬದಿಯ ದಿನಸಿ ಅಂಗಡಿಯಲ್ಲಿ ಪೊಟ್ಟಣ ಇಟ್ಟು, "ಅಕ್ಕಾ, ಅಂಗಡಿಯಲ್ಲಿ ಕೊಟ್ಟಿದ್ದೇನೆ" ಎಂದು ಫೋನ್ ಮಾಡಿ ಹೋಗುತ್ತಿದ್ದರು. ನಾನು ಕೆಲಸ ಮಾಡುವ ಶಾಲೆಯಿಂದ ಸಂಜೆ ಬಸ್ಸಿನಲ್ಲಿ ಬಂದಿಳಿದು, ಅದನ್ನು ಸೆರಗಿನಲ್ಲಿ ಮುಚ್ಚಿ, ಕೊಡೆಯನ್ನು ತಗ್ಗಿಸಿ ಹಿಡಿದು, ಹಿತ್ತಲ ಬಾಗಿಲಿನಿಂದ ಬಡಗು ಕೋಣೆಗೆ ಸೇರಿಸುತ್ತಿದ್ದೆ. 2023ರ ಆಗಸ್ಟ್ 3ರವರೆಗೆ ಆ ಕೋಣೆಯಲ್ಲಿ ಎಷ್ಟು ಪೊಟ್ಟಣಗಳಿವೆ ಎಂದು ನಾನು ಎಣಿಸಿರಲಿಲ್ಲ.

ಆಗಸ್ಟ್ 3 ನಮ್ಮ ಕೊಡಗು ಜಿಲ್ಲೆಯಲ್ಲಿ ಆಟಿ 18, ಅಂದರೆ ಮಳೆಗಾಲದ ಆಟಿ ತಿಂಗಳ ಹದಿನೆಂಟನೆಯ ದಿನ. ಕೊಡವರು ಕಕ್ಕಡ 18 ಎನ್ನುತ್ತಾರೆ. ಮದ್ದು ಸೊಪ್ಪಿನಲ್ಲಿ ಆ ದಿನ 18 ಬಗೆಯ ಔಷಧದ ಗುಣ ಕೂಡಿರುತ್ತದೆ ಎಂಬ ನಂಬಿಕೆಯಿಂದ ಬಹುಪಾಲು ಮನೆಗಳಲ್ಲಿ ಸೊಪ್ಪು ಕುದಿಸಿ, ನೇರಳೆ ಬಣ್ಣಕ್ಕೆ ತಿರುಗಿದ ನೀರಿನಲ್ಲಿ ಪಾಯಸ ಮಾಡುತ್ತಾರೆ. ಪಾಯಸಕ್ಕೆಂದು ನಾನು ರಜೆ ಹಾಕಿದ್ದೆ. ಹಿಂದಿನ ರಾತ್ರಿಯಿಂದ ಕರೆಂಟು ಇರಲಿಲ್ಲ. ಬೆಳಿಗ್ಗೆ ಹತ್ತರ ಹೊತ್ತಿಗೆ ನನ್ನ ಫೋನ್ ಕೂಡ ಆರಿಹೋಯಿತು. ನೆರೆಮನೆಯವರಿಗೂ ಕೊಡಲು ದೊಡ್ಡ ಪಾತ್ರೆ ಬೇಕೆಂದು ಅತ್ತೆ ಬಡಗು ಕೋಣೆಗೆ ಹೋದರು. ವರ್ಷದಲ್ಲಿ ಒಂದೆರಡು ಸಲವೂ ಅವರು ಆ ಕಡೆ ಹೋಗುವವರಲ್ಲ. ಬಾಗಿಲು ತೆರೆದವರೇ, "ಇಲ್ಲಿ ಏನೋ ಬೂಷ್ಟು ಹಿಡಿದಿದೆ, ಬಾ ಮಗಾ" ಎಂದು ಕರೆದರು.

ಮಂಚದ ಕೆಳಗೆ, ಕಿಟಕಿಯ ಕಟ್ಟೆಯ ಮೇಲೆ, ಹಳೆಯ ಕಾಫಿ ಚೀಲಗಳ ಹಿಂದೆ ಇದ್ದ ರಟ್ಟಿನ ಪೆಟ್ಟಿಗೆಗಳೆಲ್ಲ ತೇವ ಹೀರಿ ಮೆತ್ತಗಾಗಿದ್ದವು. ನಾನು ಒಂದನ್ನು ಎತ್ತಲು ಹೋದಾಗ ತಳ ಕಳಚಿ ಎರಡು ಜೊತೆ ಚಪ್ಪಲಿ ನೆಲಕ್ಕೆ ಬಿದ್ದವು. ಎರಡರ ಮೇಲೂ ಬೂದು ಬೂಷ್ಟು ಹರಡಿತ್ತು. ಚರ್ಮದ ಕೈಚೀಲವೊಂದು ಪೂರ್ತಿ ಬೆಳ್ಳಗಾಗಿತ್ತು. ರೇಷ್ಮೆ ಸೀರೆಯ ಮಡಿಕೆಗಳಲ್ಲಿ ಚುಕ್ಕೆ ಚುಕ್ಕೆ ಕಲೆ ಎದ್ದಿತ್ತು. ಕೊಡಗಿನ ಮಳೆಗಾಲದಲ್ಲಿ ಬಳಸದೆ ಇಟ್ಟ ವಸ್ತುವಿನ ಗತಿ ಇದೇ ಎಂಬುದು ಇಲ್ಲಿ ಹುಟ್ಟಿ ಬೆಳೆದ ನನಗೆ ತಿಳಿಯದ ಸಂಗತಿಯಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದರೆ ಇವು ಉಳಿಯುತ್ತಿದ್ದವು. ಆದರೆ ಅಟ್ಟದಲ್ಲಿ ಇಟ್ಟರೆ ಎಲ್ಲರ ಕಣ್ಣಿಗೆ ಬೀಳುತ್ತಿದ್ದವು.

ಎಣಿಸಿದಾಗ 64 ಪೊಟ್ಟಣಗಳಿದ್ದವು. ಅವುಗಳಲ್ಲಿ 27ರ ಅಂಟುಪಟ್ಟಿಯನ್ನು ನಾನು ಬಿಚ್ಚಿಯೇ ಇರಲಿಲ್ಲ. ಅತ್ತೆ ಬೈಯುತ್ತಾರೆ ಎಂದು ನಾನು ಕಾದೆ. ಅವರು ಬಹಳ ಹೊತ್ತು ಸುಮ್ಮನೆ ನಿಂತು, "ಇದಕ್ಕೆಲ್ಲ ದುಡ್ಡು ಕೊಟ್ಟಾಗಿದೆಯೋ, ಕೊಡಬೇಕೋ?" ಎಂದು ಕೇಳಿದರು. ಐದು ವರ್ಷಗಳಲ್ಲಿ ನನ್ನನ್ನು ಯಾರೂ ಹಾಗೆ ನೇರವಾಗಿ ಕೇಳಿರಲಿಲ್ಲ. ನಾನು ಅಲ್ಲಿಯೇ ಕುಸಿದು ಕುಳಿತು, ಕೊಡಬೇಕು ಎಂದೆ.

ಕೊಳ್ಳುವ ಈ ಗೀಳು ಎಲ್ಲಿಂದ ಶುರುವಾಯಿತೆಂದು ಹೇಳಬೇಕಾದರೆ 2018ರ ಆಗಸ್ಟಿಗೆ ಹೋಗಬೇಕು. ನನ್ನ ತವರು ಮಕ್ಕಂದೂರಿನ ಕಡೆ. ಆ ತಿಂಗಳ ನಡುವಿನಲ್ಲಿ ಗುಡ್ಡಗಳು ಜಾರಿದಾಗ ಅಮ್ಮ ಉಟ್ಟ ಸೀರೆಯಲ್ಲಿ ಮನೆಯಿಂದ ಹೊರಟು ಬಂದರು, ಮನೆ ಉಳಿಯಲಿಲ್ಲ. ಮಡಿಕೇರಿಯ ಪರಿಹಾರ ಕೇಂದ್ರದಲ್ಲಿ ನಾನು ಅವರನ್ನು ಕಂಡಾಗ, ನಾಡಿನ ಮೂಲೆಮೂಲೆಗಳಿಂದ ಲಾರಿಗಳಲ್ಲಿ ಬಂದಿದ್ದ ಬಟ್ಟೆಯ ರಾಶಿಯಿಂದ ಆರಿಸಿಕೊಟ್ಟ, ಯಾರೋ ಉಟ್ಟು ಹಳೆಯದಾದ ಒಂದು ಸೀರೆಯನ್ನು ಉಟ್ಟಿದ್ದರು. ಕೊಟ್ಟವರ ಮನಸ್ಸು ದೊಡ್ಡದು, ಅದನ್ನು ನಾನು ಎಂದಿಗೂ ಮರೆಯುವುದಿಲ್ಲ. ಆದರೂ ಆ ರಾತ್ರಿ ನಾನು ಫೋನ್ ತೆರೆದು ಅಮ್ಮನಿಗೆಂದು ಆರು ಹೊಸ ಸೀರೆಗಳನ್ನು ತರಿಸಿದೆ. ಅವು ಬರಬೇಕಾದ ದಿನಕ್ಕಾಗಿ ಕಾಯುತ್ತಿದ್ದ ಆ ವಾರದಲ್ಲಿ ನನಗೆ ಮೊದಲ ಬಾರಿ ನಿದ್ದೆ ಬಂತು. ಆಮೇಲೆ ಕಂಬಳಿ, ಟಾರ್ಚು, ಮಳೆ ಅಂಗಿ, ಸ್ಟೀಲ್ ಡಬ್ಬಿಗಳನ್ನು ಕೊಂಡೆ. ಮತ್ತೊಮ್ಮೆ ಮನೆ ಬಿಟ್ಟು ಓಡಬೇಕಾದರೆ ಎಲ್ಲವೂ ಸಿದ್ಧವಿರಲಿ ಎನ್ನುವುದು ಆಗಿನ ನನ್ನ ತರ್ಕವಾಗಿತ್ತು. 2020ರ ಹೊತ್ತಿಗೆ ಆ ತರ್ಕವೂ ಉಳಿದಿರಲಿಲ್ಲ. ಕಿವಿಯೋಲೆ, ಪರದೆ, ಗೋಡೆಯ ಗಡಿಯಾರ, ನನ್ನ ಅಳತೆಗೆ ಸರಿಹೋಗದ ಕುರ್ತಾಗಳನ್ನೂ ತರಿಸುತ್ತಿದ್ದೆ. ರಾತ್ರಿ ಊಟವಾಗಿ ಎಲ್ಲರೂ ಮಲಗಿದ ಮೇಲೆ, ಮಳೆಯ ಸದ್ದು ಹಂಚಿನ ಮೇಲೆ ಜೋರಾದಂತೆಲ್ಲ ನನ್ನ ಬೆರಳು ಫೋನಿನ ಮೇಲೆ ಓಡುತ್ತಿತ್ತು. ವಸ್ತು ಕೈಗೆ ಬಂದ ಮೇಲೆ ಅದರಲ್ಲಿ ನನಗೆ ಆಸಕ್ತಿ ಇರುತ್ತಿರಲಿಲ್ಲ. 'ನಾಳೆ ತಲುಪುತ್ತದೆ' ಎಂಬ ಸಂದೇಶವೇ ನನಗೆ ಬೇಕಾಗಿದ್ದದ್ದು.

ತವರು ಕಳೆದುಕೊಂಡ ದುಃಖವನ್ನು ಈ ಸಾಲಕ್ಕೆ ನೆಪವಾಗಿ ಮುಂದಿಡಲು ನನಗೆ ಇಷ್ಟವಿಲ್ಲ. ನನ್ನ ಹಾಗೆಯೇ, ನನಗಿಂತ ಹೆಚ್ಚಾಗಿ ಕಳೆದುಕೊಂಡವರು ನಮ್ಮ ಸುತ್ತ ಎಷ್ಟೋ ಜನರಿದ್ದಾರೆ; ಅವರು ಕೂಲಿ ಮಾಡಿ, ಸಂಘದಲ್ಲಿ ಉಳಿಸಿ ಮತ್ತೆ ಬದುಕು ಕಟ್ಟಿಕೊಂಡಿದ್ದಾರೆ. ಆದರೆ ಕಾರಣ ತಿಳಿಯದೆ ಬರಿದೇ ಮನಸ್ಸು ಬಿಗಿ ಹಿಡಿದಿದ್ದ ದಿನಗಳಲ್ಲಿ ನಾನು ಸೋತಿದ್ದೆ, ಕಾರಣ ತಿಳಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಗೆದ್ದೆ. ಆದ್ದರಿಂದ ಅದನ್ನು ಹೇಳದೆ ಬಿಡಲಾರೆ.

ಆ ದಿನ ಮಧ್ಯಾಹ್ನ ಪಾಯಸ ಮಾಡಿದೆವು. ಸಂಜೆ ತೋಟದಿಂದ ಬಂದ ನನ್ನ ಯಜಮಾನರ ಮುಂದೆ ಅತ್ತೆಯೇ ಮಾತು ತೆಗೆದರು. ಇವರು ಕೂಗಾಡಲಿಲ್ಲ. ಚಿಮಣಿ ದೀಪ ಹಚ್ಚಿ, ಆಳುಗಳ ಹಾಜರಿ ಬರೆಯುವ ಚೆಕ್‌ರೋಲ್ ಪುಸ್ತಕದ ಹಿಂಬದಿಯ ಖಾಲಿ ಹಾಳೆ ತೆರೆದು, "ಹೇಳು, ಬರೆಯುತ್ತೇನೆ" ಎಂದರು. ಬಿಲ್ಲುಗಳನ್ನು ನಾನು ಶಾಲೆಯಲ್ಲಿ ಮುದ್ರಿಸಿ, ಹಳೆಯ ಪಠ್ಯಪುಸ್ತಕವೊಂದರೊಳಗೆ ಅಡಗಿಸಿಟ್ಟಿದ್ದೆ. ಮೊದಲ ಕ್ರೆಡಿಟ್ ಕಾರ್ಡಿನಲ್ಲಿ 1,12,400 ರೂಪಾಯಿ, ಎರಡನೆಯದರಲ್ಲಿ 68,900, 'ಈಗ ಕೊಳ್ಳಿ, ಆಮೇಲೆ ಕೊಡಿ' ಎನ್ನುವ ಖಾತೆಯಲ್ಲಿ 23,700. ಒಟ್ಟು 2,05,000. ಆಗ ನನ್ನ ಸಂಬಳ 31,000.

ಇವರಿಗೆ ಅರ್ಥವಾಗದೆ ಇದ್ದದ್ದು ಒಂದೇ ವಿಷಯ: ಪ್ರತಿ ತಿಂಗಳೂ ನಾನು ತಪ್ಪದೆ ಹಣ ಕಟ್ಟುತ್ತಿದ್ದರೂ ಸಾಲ ಏಕೆ ಇಳಿಯುತ್ತಿಲ್ಲ? ಶಾಲೆಯ ಲೆಕ್ಕಪತ್ರ ನೋಡುವ ಗುಮಾಸ್ತೆಯಾದ ನಾನು ಅದುವರೆಗೆ ಬೇಕೆಂದೇ ಮಾಡದಿದ್ದ ಲೆಕ್ಕವನ್ನು ಆ ದೀಪದ ಬೆಳಕಿನಲ್ಲಿ ಮಾಡಿದೆ. ಎರಡು ಕಾರ್ಡುಗಳ ಬಾಕಿ 1,81,300. ತಿಂಗಳಿಗೆ ಶೇಕಡಾ 3.5ರ ಬಡ್ಡಿ 6,345 ರೂಪಾಯಿ. ಆ ಬಡ್ಡಿಯ ಮೇಲೆ ಶೇಕಡಾ 18ರ ಜಿಎಸ್‌ಟಿ 1,142. ನಾನು ಕಟ್ಟುತ್ತಿದ್ದದ್ದು ಕನಿಷ್ಠ ಮೊತ್ತ, ಅಂದರೆ ಬಾಕಿಯ ಶೇಕಡಾ 5, ಸುಮಾರು 9,065 ರೂಪಾಯಿ. ಅದರಲ್ಲಿ ಅಸಲಿಗೆ ಸೇರುತ್ತಿದ್ದದ್ದು 1,578 ಮಾತ್ರ, ಮತ್ತು ಅದಕ್ಕಿಂತ ಹೆಚ್ಚನ್ನು ನಾನು ಅದೇ ತಿಂಗಳು ಹೊಸದಾಗಿ ಕೊಳ್ಳುತ್ತಿದ್ದೆ. ಹಿಂದಿನ ಬಾಕಿ ಪೂರ್ತಿ ತೀರಿಸದವರಿಗೆ ಹೊಸ ಖರೀದಿಯ ಮೇಲೆ ಬಡ್ಡಿರಹಿತ ದಿನಗಳ ಸೌಲಭ್ಯವೂ ಇರುವುದಿಲ್ಲ. ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. ಕನಿಷ್ಠ ಮೊತ್ತವನ್ನೇ ಕಟ್ಟುತ್ತಾ ಹೋದರೆ ಮರುಪಾವತಿ ತಿಂಗಳು, ವರ್ಷಗಳವರೆಗೆ ಎಳೆಯುತ್ತದೆ ಎಂಬ ಎಚ್ಚರಿಕೆಯನ್ನು ರಿಸರ್ವ್ ಬ್ಯಾಂಕಿನ ನಿಯಮದಂತೆ ಪ್ರತಿ ಬಿಲ್ಲಿನಲ್ಲಿಯೂ ಮುದ್ರಿಸಿರುತ್ತಾರೆ. ಅದು ಪ್ರತಿ ತಿಂಗಳೂ ನನ್ನ ಕಣ್ಣ ಮುಂದೆಯೇ ಇತ್ತು.

ಮರುದಿನ ಬೆಳಿಗ್ಗೆ ಅತ್ತೆ ತಮ್ಮ ಚಿನ್ನದ ಅವಲಕ್ಕಿ ಸರವನ್ನು ಒಂದು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಬೇಡ ಎಂದು ಎಷ್ಟು ಹೇಳಿದರೂ ಅವರು ಕೇಳಲಿಲ್ಲ. ಸಹಕಾರ ಸಂಘದಲ್ಲಿ ಅದನ್ನು ಅಡವಿಟ್ಟು ವರ್ಷಕ್ಕೆ ಶೇಕಡಾ 10ರ ಬಡ್ಡಿಗೆ 1,20,000 ರೂಪಾಯಿ ಪಡೆದೆ. ಮೊದಲ ಕಾರ್ಡನ್ನು ಪೂರ್ತಿ ತೀರಿಸಿ, ಉಳಿದ 7,600ನ್ನು ಎರಡನೆಯದಕ್ಕೆ ಕಟ್ಟಿ, ಅದರ ಬಾಕಿ 61,300ನ್ನು ವರ್ಷಕ್ಕೆ ಶೇಕಡಾ 15ರ ಬಡ್ಡಿಯಲ್ಲಿ 12 ಕಂತುಗಳಿಗೆ ಬದಲಾಯಿಸಿಕೊಂಡೆ. ತಿಂಗಳಿಗೆ ಐದೂವರೆ ಸಾವಿರದ ಚಿಲ್ಲರೆ ಕಂತು ಬಂತು. ತೀರಿದ ಕಾರ್ಡನ್ನು ರದ್ದು ಮಾಡಲು ಅಂದೇ ಬರೆದು ಕೊಟ್ಟೆ. ಬಾಕಿ ಇಲ್ಲದ ಕಾರ್ಡನ್ನು ಕೇಳಿದ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ನಿಯಮ ಮಾಡಿದೆ. ಕಾರ್ಡಿನ ಕಂಪನಿಯವರು ಎರಡು ಬಾರಿ ಫೋನ್ ಮಾಡಿ ಖರ್ಚಿನ ಮಿತಿ ಹೆಚ್ಚಿಸಿಕೊಡುತ್ತೇವೆ ಎಂದರು. ಎರಡನೆಯ ಸಲ ಇವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೇಡ ಎಂದೆ.

ಸಾಲಕ್ಕೆ ದಾರಿ ಕಂಡಿತು, ಗೀಳಿಗೆ ಕಂಡಿರಲಿಲ್ಲ. ಇವೆರಡೂ ಬೇರೆ ಬೇರೆ ಎಂಬುದನ್ನು ನಾನು ಅನುಭವದಿಂದ ಬಲ್ಲೆ. 2021ರಲ್ಲಿ ನಾನು ಅರ್ಧ ಸತ್ಯ ಹೇಳಿದಾಗ ಇವರು ಕರಿಮೆಣಸು ಮಾರಿದ ಹಣದಿಂದ 46,000 ರೂಪಾಯಿ ಕಟ್ಟಿ ನನ್ನ ಕಾರ್ಡನ್ನು ಖಾಲಿ ಮಾಡಿದ್ದರು. ನಾಲ್ಕು ತಿಂಗಳಲ್ಲಿ ಅದು ಮತ್ತೆ ತುಂಬಿತು. ಖಾಲಿಯಾದ ಕಾರ್ಡು ನನ್ನ ಕಣ್ಣಿಗೆ ಉಳಿತಾಯದ ಹಣದಂತೆ ಕಾಣುತ್ತಿತ್ತು. 2024ರ ಫೆಬ್ರವರಿಯಲ್ಲಿ ರೋಬಸ್ಟಾ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದಾಗ, ಉಳಿದ ಸಾಲವನ್ನೆಲ್ಲ ಒಂದೇ ಸಲ ತೀರಿಸಿಬಿಡೋಣ ಎಂದು ಇವರು ಹೇಳಿದರು. ಬಡ್ಡಿಯ ಲೆಕ್ಕದಲ್ಲಿ ಅವರದೇ ಸರಿ. ಆದರೂ ನಾನು ಒಪ್ಪಲಿಲ್ಲ. ನನ್ನ ಸಂಬಳದಿಂದ, ನನ್ನ ಕೈಯಾರೆ, ತಿಂಗಳು ತಿಂಗಳೂ ಕಟ್ಟಿದರೆ ಮಾತ್ರ ನನಗೆ ಅದರ ಭಾರ ತಿಳಿಯುತ್ತದೆ ಎಂದು ಅವರಿಗೆ ವಿವರಿಸಿದೆ. ಆ ಹಣದಲ್ಲಿ ತೋಟಕ್ಕೆ ಸ್ಪ್ರಿಂಕ್ಲರ್ ಪೈಪುಗಳು ಬಂದವು. ಬಡ್ಡಿಯಲ್ಲಿ ನಮಗೆ ಆದ ನಷ್ಟವನ್ನು ಇಂದಿಗೂ ನಾನು ನಷ್ಟವೆಂದು ಎಣಿಸುವುದಿಲ್ಲ.

ಗೀಳು ಬಿಡುವುದರಲ್ಲಿ ಒಮ್ಮೆ ಜಾರಿದೆ. 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಿಯಾಯಿತಿ ಮಾರಾಟದ ಸಮಯದಲ್ಲಿ, ಅಳಿಸಿಹಾಕಿದ್ದ ಆ್ಯಪನ್ನು ರಾತ್ರಿ ಹನ್ನೊಂದಕ್ಕೆ ಮತ್ತೆ ಹಾಕಿಕೊಂಡು 3,499 ರೂಪಾಯಿಯ ಹೊದಿಕೆಯೊಂದನ್ನು ತರಿಸಿದೆ. ಎರಡು ದಿನ ಬಚ್ಚಿಟ್ಟೆ. ಮೂರನೆಯ ದಿನ ಇವರಿಗೆ ಹೇಳಿ, ಚೆಕ್‌ರೋಲಿನಲ್ಲಿ ಬರೆದು, ವಾಪಸು ಕಳುಹಿಸಿದೆ. ಆ ವಾರವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿದೆ. ದುಂದುಗಾರಿಕೆಗೆ ಇಂಥ ಸಹಾಯವಾಣಿ ಏಕೆ ಎಂಬ ಸಂಕೋಚ ನನಗಿತ್ತು. ಕೊಳ್ಳುವ ಗೀಳನ್ನು ಜರ್ಮನಿಯ ಮನೋವೈದ್ಯ ಎಮಿಲ್ ಕ್ರೇಪೆಲಿನ್ ನೂರು ವರ್ಷಕ್ಕೂ ಹಿಂದೆಯೇ 'ಓನಿಯೋಮೇನಿಯಾ' ಎಂದು ಕರೆದು ವಿವರಿಸಿದ್ದರೆಂಬುದನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ. ಕನ್ನಡದಲ್ಲಿಯೇ ಮಾತನಾಡಿದ ಆಪ್ತಸಮಾಲೋಚಕಿ ನನ್ನನ್ನು ಏನು ಕೊಳ್ಳುತ್ತೀರಿ ಎಂದು ಕೇಳಲಿಲ್ಲ. ಯಾವ ಹೊತ್ತಿನಲ್ಲಿ, ಅದಕ್ಕೆ ಮುಂಚೆ ಏನಾಗಿರುತ್ತದೆ ಎಂದು ಕೇಳಿದರು. ಒಂದು ತಿಂಗಳು ಗಮನಿಸಿ ಬರೆದಾಗ ಕಂಡದ್ದು: ಜೋರು ಮಳೆ ಬಂದ ರಾತ್ರಿ, ಅಮ್ಮನ ಫೋನ್ ಸಿಗದ ರಾತ್ರಿ, ಗುಡ್ಡ ಜಾರಿದ ಸುದ್ದಿ ಎಲ್ಲಿಂದಲೋ ಬಂದ ರಾತ್ರಿ. ಜನವರಿಯ ಆ ರಾತ್ರಿ ಮಳೆ ಇರಲಿಲ್ಲ. ಅಮ್ಮನಿಗೆ ಜ್ವರವೆಂದು ಸಂಜೆ ಕರೆ ಬಂದಿತ್ತು.

ಅಂದಿನಿಂದ ರಾತ್ರಿ ಒಂಬತ್ತಕ್ಕೆ ನನ್ನ ಫೋನು ಅಡುಗೆಮನೆಯ ಕಪಾಟು ಸೇರುತ್ತದೆ, ಅಮ್ಮನಿಗೆ ಕರೆ ಮಾಡಲು ಇವರ ಫೋನ್ ಇದೆ. ಮನೆಗೆ ಬೇಕಾದದ್ದನ್ನು ಶುಕ್ರವಾರ ಮಡಿಕೇರಿ ಸಂತೆಯ ದಿನ ಕೈಯಲ್ಲಿ ನೋಟು ಹಿಡಿದೇ ಕೊಳ್ಳುತ್ತೇನೆ. ಬೇರೆ ಏನಾದರೂ ಬೇಕೆನಿಸಿದರೆ ಚೆಕ್‌ರೋಲಿನಲ್ಲಿ ದಿನಾಂಕ ಹಾಕಿ ಬರೆದು ನಾಲ್ಕು ಶುಕ್ರವಾರ ಕಳೆಯಲು ಬಿಡುತ್ತೇನೆ. ಮೊದಲ ವರ್ಷ ಹಾಗೆ ಬರೆದ 38 ವಸ್ತುಗಳಲ್ಲಿ ನಾಲ್ಕು ವಾರದ ಮೇಲೂ ಬೇಕೆನಿಸಿದ್ದು ಐದು: ಒಂದು ಕುಕ್ಕರಿನ ರಬ್ಬರು, ಅತ್ತೆಗೆ ಕನ್ನಡಕ, ಎರಡು ಬಕೆಟ್ಟು, ನನಗೊಂದು ಕೊಡೆ, ಒಂದು ಗೋಡೆ ಕ್ಯಾಲೆಂಡರು. ಅಂಗಡಿಯವರಿಗೆ ನಾನೇ ಹೋಗಿ ನನ್ನ ಹೆಸರಿನ ಪೊಟ್ಟಣ ತೆಗೆದುಕೊಳ್ಳಬೇಡಿ ಎಂದು ಹೇಳಿದ್ದೆ. ಅವರು ಕಾರಣ ಕೇಳದೆ ಒಪ್ಪಿದರು. ಆ ಸೌಜನ್ಯಕ್ಕೆ ನಾನು ಋಣಿ.

ಬಡಗು ಕೋಣೆಯ ವಸ್ತುಗಳಲ್ಲಿ ಎರಡನ್ನು ಮಾತ್ರ ಹಿಂದಿರುಗಿಸಲು ಸಾಧ್ಯವಾಯಿತು. ಕೆಟ್ಟದ್ದನ್ನು ಎಸೆದೆವು. ಚೆನ್ನಾಗಿದ್ದ ಕಂಬಳಿ, ಡಬ್ಬಿಗಳನ್ನು ತೆಗೆದುಕೊಂಡು ಮಳೆ ನಿಂತ ಮೇಲೆ ಜಂಬೂರಿನ ಪುನರ್ವಸತಿ ಮನೆಯಲ್ಲಿರುವ ಅಮ್ಮನ ಬಳಿಗೆ ಹೋದೆ. ಅವರು ತಮ್ಮ ಕಬ್ಬಿಣದ ಪೆಟ್ಟಿಗೆ ತೆರೆದು 2018ರಲ್ಲಿ ನಾನು ಕೊಟ್ಟಿದ್ದ ಆರು ಸೀರೆಗಳನ್ನು ತೋರಿಸಿದರು. ಎರಡನ್ನು ಉಟ್ಟಿದ್ದಾರೆ, ನಾಲ್ಕನ್ನು ಮಡಿಕೆ ಬಿಚ್ಚದೆ ಇಟ್ಟಿದ್ದಾರೆ. "ಮತ್ತೆ ಹೊರಡಬೇಕಾದರೆ ಇರಲಿ ಅಂತ" ಎಂದರು. ನಾವಿಬ್ಬರೂ ಆ ಪೆಟ್ಟಿಗೆಯ ಪಕ್ಕದಲ್ಲಿ ಕುಳಿತು ಐದು ವರ್ಷದಲ್ಲಿ ಮೊದಲ ಬಾರಿಗೆ ಹಳೆಯ ಮನೆಯ ಬಗ್ಗೆ ಮಾತನಾಡಿದೆವು: ಜಗಲಿ ಯಾವ ದಿಕ್ಕಿಗಿತ್ತು, ಬಾವಿಯ ಪಕ್ಕದ ಕಿತ್ತಳೆ ಗಿಡ ಎಷ್ಟು ಕಾಯಿ ಬಿಡುತ್ತಿತ್ತು ಎಂದು. ಸಂಜೆಯ ಬಸ್ಸು ತಪ್ಪಿ ನಾನು ಅಲ್ಲೇ ಉಳಿದೆ.

'ಆಮೇಲೆ ಕೊಡಿ' ಖಾತೆ 2023ರ ಡಿಸೆಂಬರಿನಲ್ಲಿ ಮುಗಿಯಿತು. ಎರಡನೆಯ ಕಾರ್ಡಿನ ಕೊನೆಯ ಕಂತು 2024ರ ಆಗಸ್ಟಿನಲ್ಲಿ. ಆ ವರ್ಷದ ಬಡ್ಡಿ 12,000 ಕಟ್ಟಿ ಚಿನ್ನದ ಸಾಲವನ್ನು ನವೀಕರಿಸಿ, ಮುಂದೆ ತಿಂಗಳಿಗೆ ಹತ್ತು ಸಾವಿರದಂತೆ ಅಸಲು ಇಳಿಸುತ್ತಾ ಬಂದೆ. 2025ರ ಆಗಸ್ಟಿನಲ್ಲಿ ಸಂಘದ ಗುಮಾಸ್ತರು ಸರವನ್ನು ತೂಕ ಮಾಡಿ ತೋರಿಸಿ, ರಸೀದಿಗೆ ಸಹಿ ಹಾಕಿಸಿಕೊಂಡು ಕೊಟ್ಟರು. ಮನೆಗೆ ತಂದಾಗ ಅತ್ತೆ ಒಲೆಯ ಮುಂದೆ ಇದ್ದರು. ಕೈ ಒರೆಸಿಕೊಂಡು, ಬಟ್ಟೆ ಬಿಚ್ಚಿ ನೋಡಿ, ಎರಡು ವರ್ಷದ ಹಿಂದೆ ಕಟ್ಟಿಕೊಟ್ಟ ಅದೇ ಬಟ್ಟೆಯಲ್ಲಿ ಮತ್ತೆ ಸುತ್ತಿ ಪೆಟ್ಟಿಗೆಯಲ್ಲಿಟ್ಟರು. ಆ ರಾತ್ರಿ ಇವರು ಚೆಕ್‌ರೋಲಿನ ಹಿಂದಿನ ಹಾಳೆಯಲ್ಲಿ ಕೊನೆಯ ಸಾಲು ಬರೆದು ಕೆಳಗೆ ಗೆರೆ ಎಳೆದರು. ಹೊರಗೆ ಮಳೆ ಜೋರಾಗಿತ್ತು. ನಾನು ಇವರ ಫೋನ್ ತೆಗೆದುಕೊಂಡು ಅಮ್ಮನಿಗೆ ಕರೆ ಮಾಡಿದೆ.