ಮಾತಂಗ ಬೆಟ್ಟದಲ್ಲಿ ಟ್ರೈಪಾಡ್ ಬಿಚ್ಚುವ ಮೊದಲು

ಹಂಪಿಯ ಮಾತಂಗ ಬೆಟ್ಟಕ್ಕೆ ಸೂರ್ಯೋದಯ ನೋಡಲು ಬರುವ ಕ್ಯಾಮೆರಾದವರು ಮೇಲೆ ತಲುಪಿದ ತಕ್ಷಣ ಟ್ರೈಪಾಡ್ ಬಿಚ್ಚಿ ಜಾಗ ಹಿಡಿಯುತ್ತಾರೆ. ನಾನು ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಮೂರು ಕಾಲು ಊರಿದ ಮೇಲೆ ಆ ಜಾಗ ಬಿಟ್ಟು ಕದಲಲು ಮನಸ್ಸೇ ಬರುವುದಿಲ್ಲ, ಪಕ್ಕದ ಬಂಡೆಯಿಂದ ಇನ್ನೂ ಚೆನ್ನಾಗಿ ಕಾಣುತ್ತಿದ್ದರೂ ಅಷ್ಟೇ.

ಕಳೆದ ಡಿಸೆಂಬರ್‌ನಲ್ಲಿ ಹೋದಾಗಲೂ ಹೀಗೇ ಬರಿಗೈಯಲ್ಲಿ ಓಡಾಡುತ್ತಿದ್ದೆ. ಕಾಲೇಜು ಹುಡುಗನೊಬ್ಬ ನೋಡಿ ನೋಡಿ ಕೊನೆಗೆ, 'ಅಣ್ಣಾ, ನಿಮ್ಮ ಕ್ಯಾಮೆರಾ ಇನ್ನೂ ಬ್ಯಾಗಿನಾಗೇ ಐತಲ್ರೀ' ಅಂದ. ಫೋನ್ ತೋರಿಸಿದೆ. ಮೊದಲು ಅದರಲ್ಲೇ ಅಡ್ಡ, ಉದ್ದ, ಕೂತು, ನಿಂತು ಫ್ರೇಮ್ ನೋಡುತ್ತೇನೆ. ಕೆಳಗೆ ಅಚ್ಯುತರಾಯ ದೇವಸ್ಥಾನ. 1534ರದು. ಡಿಸೆಂಬರ್‌ನಲ್ಲಿ ಸೂರ್ಯ ನೇರ ಪೂರ್ವದಲ್ಲಿ ಹುಟ್ಟುವುದಿಲ್ಲ, ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದಿರುತ್ತಾನೆ. ಹಾಗಾಗಿ ದೇವಸ್ಥಾನದ ಕಡೆ ತಿರುಗಿ ನಿಂತರೆ ಬಿಸಿಲು ಬಲಗಡೆಯಿಂದ ಓರೆಯಾಗಿ ಬಂದು, ಗೋಡೆಗೂ ಬಂಡೆಗೂ ಒಳ್ಳೆ ನೆರಳು ಬೀಳುತ್ತದೆ. ಜೂನ್‌ನಲ್ಲಿ ಬಂದರೆ ಈ ಲೆಕ್ಕವೆಲ್ಲ ಉಲ್ಟಾ. ನನ್ನ ಮಟ್ಟಿಗೆ ಫೋಟೋದ ಮುಕ್ಕಾಲು ಕೆಲಸ ಇಲ್ಲಿಗೇ ಮುಗಿಯಿತು.

ಆಮೇಲೆ ಟ್ರೈಪಾಡ್. ಬೆಟ್ಟದ ಮೇಲೆ ಗಾಳಿ ಇದ್ದೇ ಇರುತ್ತದೆ, ಅದಕ್ಕೆ ನಡುವಿನ ಕಂಬ ಎತ್ತುವುದಿಲ್ಲ. ಕೈ ನಡುಕ ಸರಿಪಡಿಸುವ ಲೆನ್ಸ್‌ನ ಸ್ಟೆಬಿಲೈಸೇಶನ್ ಟ್ರೈಪಾಡ್ ಮೇಲೆ ಬೇಡ, ಅದು ಆಫ್, ಎರಡು ಸೆಕೆಂಡ್ ಟೈಮರ್ ಆನ್. ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 100, ಲೆನ್ಸ್‌ನ ಕಿಂಡಿ ಎಫ್/11 (ಈ ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು), ಕ್ಯಾಮೆರಾ ತಿದ್ದದ ರಾ ಫೈಲ್, ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸ್ ಡೇಲೈಟ್. ಇವನ್ನೆಲ್ಲ ಪ್ರತಿ ಸಲ ಇದೇ ಸಾಲಿನಲ್ಲಿ ಮಾಡುತ್ತೇನೆ, ಚಳಿಯಲ್ಲಿ ನಿದ್ದೆಗಣ್ಣಲ್ಲಿ ತಲೆ ಓಡುವುದಿಲ್ಲ, ಅಲ್ವಾ? ಎದುರಿಗೇ ಬಂಡೆ ಇದ್ದರೆ ಫೋಕಸ್ ಕೈಯಲ್ಲೇ. ಫುಲ್ ಫ್ರೇಮ್ (ಹಳೇ ಫಿಲ್ಮ್ ಅಳತೆಯ ಸೆನ್ಸರ್ ಇರುವ) ಕ್ಯಾಮೆರಾದಲ್ಲಿ ಅಗಲ ನೋಟದ 24 ಎಂಎಂ ಲೆನ್ಸ್, ಎಫ್/11 ಇದ್ದಾಗ ಸುಮಾರು 1.75 ಮೀಟರ್ ದೂರಕ್ಕೆ ಫೋಕಸ್ ಇಟ್ಟರೆ ಒಂದು ಮೀಟರ್ ಒಳಗಿನಿಂದ ಹಿಡಿದು ದಿಗಂತದವರೆಗೂ ಸ್ಪಷ್ಟ. ಆದರೂ ಲೈವ್ ವ್ಯೂನಲ್ಲಿ, ಅಂದರೆ ಕ್ಯಾಮೆರಾ ಪರದೆಯಲ್ಲಿ, ದೊಡ್ಡದು ಮಾಡಿ ನೋಡದೆ ನಂಬುವುದಿಲ್ಲ. ಇನ್ನೂ ಸ್ಪಷ್ಟ ಬರಲಿ ಅಂತ ಎಫ್/22ಕ್ಕೆ ಹೋಗುವವರಿದ್ದಾರೆ, ಅಲ್ಲಿ ಡಿಫ್ರಾಕ್ಷನ್‌ನಿಂದ (ಚಿಕ್ಕ ಕಿಂಡಿಯಲ್ಲಿ ಬೆಳಕು ಚದುರುವುದರಿಂದ) ಇಡೀ ಚಿತ್ರವೇ ಮೆತ್ತಗಾಗುತ್ತದೆ.

ಆವತ್ತು 6.40ರ ಆಸುಪಾಸು ಸೂರ್ಯ ಕಾಣಿಸಿದ. ಆಕಾಶಕ್ಕೂ ಕೆಳಗಿನ ನೆರಳಿಗೂ ಬೆಳಕಿನ ಅಂತರ ಜಾಸ್ತಿ, ಒಂದೇ ಎಕ್ಸ್‌ಪೋಷರ್‌ನಲ್ಲಿ ಎರಡೂ ಹಿಡಿಯುವುದಿಲ್ಲ. ಎರಡು ಸ್ಟಾಪ್ ಅಂತರದಲ್ಲಿ (ಒಂದು ಸ್ಟಾಪ್ ಅಂದರೆ ಬೆಳಕು ಇಮ್ಮಡಿ) ಮೂರು ಫ್ರೇಮ್ ತೆಗೆದು, ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಂ ಬಲತುದಿಗೆ ಅಂಟಿಲ್ಲದ್ದು, ಅಂದರೆ ಆಕಾಶ ಪೂರ್ತಿ ಬಿಳಿಯಾಗದ್ದು, ಒಂದಾದರೂ ಇದೆಯಾ ಅಂತ ನೋಡಿಕೊಂಡೆ. ಪರದೆಯ ಮೇಲಿನ ಚಿತ್ರ ಎಷ್ಟು ಚಂದ ಕಂಡರೂ ನನಗೆ ಲೆಕ್ಕವಿಲ್ಲ. ಕತ್ತಲಲ್ಲಿ ಅದು ಯಾವಾಗಲೂ ಇರುವುದಕ್ಕಿಂತ ಬೆಳ್ಳಗೆ ಕಾಣುತ್ತದೆ.

ಎಲ್ಲರೂ ಸೂರ್ಯನ ಕಡೆ ಮುಖ ಮಾಡಿದ್ದಾಗ ಒಮ್ಮೆ ಹಿಂದೆ ತಿರುಗುವುದೂ ನನ್ನ ಪಟ್ಟಿಯಲ್ಲಿದೆ. ವಿರೂಪಾಕ್ಷನ ದೊಡ್ಡ ಗೋಪುರ ಪೂರ್ವಕ್ಕೆ ಮುಖ ಮಾಡಿದೆ, ಬಿಸಿಲು ಸ್ವಲ್ಪ ಏರಿದರೆ ನೇರ ಅದರ ಮೇಲೆ. ದೂರದ್ದನ್ನು ಹತ್ತಿರ ತರುವ 200 ಎಂಎಂ ಲೆನ್ಸ್ ಹಾಕಿ ತೆಗೆದ ಆ ಫೋಟೋವೇ ಆ ದಿನದ್ದರಲ್ಲಿ ನನಗಿಷ್ಟ.

ಒಂದು ಮೂರರ ಸೆಟ್ ಮುಗಿದಾಗಲೆಲ್ಲ ಲೆನ್ಸ್ ಮುಂದೆ ಅಂಗೈ ಹಿಡಿದು ಒಂದು ಕ್ಲಿಕ್. ಮನೆಯಲ್ಲಿ ಕಂಪ್ಯೂಟರಿಗೆ ಹಾಕಿದಾಗ ಯಾವುದು ಎಲ್ಲಿಂದ ಎಲ್ಲಿಗೆ ಅಂತ ಹುಡುಕುವ ಗೋಳಿಲ್ಲ. ನನ್ನ ಹಾರ್ಡ್ ಡಿಸ್ಕ್‌ನಲ್ಲಿ ಈಗ ಬೆಟ್ಟಗುಡ್ಡಕ್ಕಿಂತ ಅಂಗೈಗಳೇ ಜಾಸ್ತಿ ಇವೆಯೇನೋ.