ಸಾಸ್ಕಟೂನ್: ಸಿವುಡು ಕಟ್ಟುವ ಯಂತ್ರದ ಹಳೇ ಪುಸ್ತಕಗಳ ನಡುವೆ

ಕೆನಡಾದ ಸಾಸ್ಕಟೂನಿಗೆ ಬಂದವರು ಲಾರ್ನ್ ಅವೆನ್ಯೂದಲ್ಲಿರುವ ವೆಸ್ಟರ್ನ್ ಡೆವಲಪ್‌ಮೆಂಟ್ ಮ್ಯೂಸಿಯಂನ ಒಳಗೆ ಕಟ್ಟಿರುವ 1910ರ ಪೇಟೆಬೀದಿ ನೋಡಿ ಹೊರಡುತ್ತಾರೆ. ಬೀದಿ ಚೆನ್ನಾಗಿದೆ, ಆದರೆ ನಾಟಕದ ರಂಗಸಜ್ಜಿಕೆಯಷ್ಟು ಚೊಕ್ಕಟ. ನಿಜವಾದ ಸರಕು ಇರುವುದು ಮ್ಯೂಸಿಯಂನವರದೇ ಬೇರೊಂದು ಕಟ್ಟಡದಲ್ಲಿ, ಹಳೇ ಕೃಷಿಯಂತ್ರಗಳ ಪುಸ್ತಕಗಳಿರುವ ಜಾರ್ಜ್ ಶೆಫರ್ಡ್ ಗ್ರಂಥಾಲಯದಲ್ಲಿ. ಟಿಕೆಟ್ ಕೊಂಡು ಬೀದಿಯೆಲ್ಲ ತಡಕಾಡಿದರೆ ಅದು ಸಿಗುವುದಿಲ್ಲ. ನನ್ನ ಅರ್ಧ ಬೆಳಿಗ್ಗೆ ಹೀಗೇ ದಂಡವಾಯಿತು. ಬರುವ ದಿನ, ಬೇಕಾದ ಯಂತ್ರದ ಹೆಸರು, ಮಾದರಿ, ಸೀರಿಯಲ್ ನಂಬರ್ ಮೊದಲೇ ತಿಳಿಸಿಟ್ಟರೆ ಕೆಲಸ ಸಲೀಸು.

ಕೈಪಿಡಿ ಬೇರೆ, ಬಿಡಿಭಾಗಗಳ ಪುಸ್ತಕ ಬೇರೆ. ಎರಡನ್ನೂ ಕೇಳಬೇಕು. ಪೈರು ಕೊಯ್ದು ದಾರದಿಂದ ಸಿವುಡು ಕಟ್ಟುವ ಯಂತ್ರ, ಬೈಂಡರನ್ನೇ ತೆಗೆದುಕೊಳ್ಳಿ. ದಾರಕ್ಕೆ ಗಂಟು ಬೀಳದಿದ್ದರೆ ಏನು ಮಾಡಬೇಕೆಂದು ಹೇಳುವುದು ಕೈಪಿಡಿ: ದಾರ ಹಿಡಿಯುವ ಬಿಲ್ಲೆಯ ಸ್ಪ್ರಿಂಗ್ ಸಡಿಲವಾದರೆ ದಾರ ಜಾರಿ ಒಂದೇ ತುದಿಗೆ ಗಂಟು ಬೀಳುತ್ತದೆ, ಬಿಗಿಯಾದರೆ ದಾರವೇ ತುಂಡಾಗುತ್ತದೆ. ಸ್ಕ್ರೂವನ್ನು ಒಂದೊಂದೇ ಚೂರು ತಿರುಗಿಸಿ, ಯಂತ್ರವನ್ನು ಕೈಯಲ್ಲೇ ಸುತ್ತಿಸಿ ನೋಡಬೇಕು. ದಾರ ಕತ್ತರಿಸುವ ಕತ್ತಿ ಮೊಂಡಾಗಿದ್ದರೆ ಸ್ಪ್ರಿಂಗಿನ ಗೋಜಿಗೇ ಹೋಗಬೇಡಿ, ಮೊದಲು ಸಾಣೆ ಹಿಡಿಯಿರಿ.

ಗಂಟು ಹಾಕುವ ಕೊಕ್ಕೆ ಮುರಿದು ಬದಲಿ ಬೇಕಾದರೆ ಮಾತ್ರ ಬಿಡಿಭಾಗಗಳ ಪುಸ್ತಕ. ಎರಕದ ಮೇಲಿನ ಉಬ್ಬಂಕಿಗಳನ್ನು ತಂತಿ ಬ್ರಷ್ಷಿನಿಂದ ತಿಕ್ಕಿ, ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತನ್ನಿ. ಆ ಅಂಕಿ ಕೆಲವೊಮ್ಮೆ ಎರಕ ಹೊಯ್ದ ಅಚ್ಚಿನದಷ್ಟೇ, ಭಾಗದ ನಂಬರಲ್ಲ. ಚಿತ್ರದೊಂದಿಗೆ ತಾಳೆ ನೋಡದೆ ನಂಬಬಾರದು. ಇನ್ನೊಂದು ಎಡವಟ್ಟು ಎಡ-ಬಲದ್ದು. ಯಂತ್ರದ ಹಿಂದೆ ನಿಂತು, ಅದು ಚಲಿಸುವ ದಿಕ್ಕಿಗೆ ಮುಖಮಾಡಿದಾಗ ಬಲಕ್ಕೆ ಕಾಣುವುದೇ ಪುಸ್ತಕದ 'ಬಲ'. ಎದುರಿಗೆ ನಿಂತು ಬರೆದುಕೊಂಡವರಿಗೆ ಎಡಗೈಯ ಭಾಗ ಬರುತ್ತದೆ.

ಇಂಥ ಬೈಂಡರ್‌ಗಳನ್ನು ಮಾಡುತ್ತಿದ್ದ, 1891ರಲ್ಲಿ ಎರಡು ಕಂಪನಿಗಳು ಸೇರಿ ಹುಟ್ಟಿದ ಮ್ಯಾಸಿ-ಹ್ಯಾರಿಸ್, ನಮ್ಮ ಹೊಲಗಳಲ್ಲಿ ಓಡಾಡುವ 'ಮ್ಯಾಸಿ' ಟ್ರ್ಯಾಕ್ಟರಿನ ಮುತ್ತಜ್ಜ.

ಯಂತ್ರದ ಬದಲು ಇಲ್ಲಿಗೆ ಬಂದ ವಲಸೆ ರೈತರ ಜಮೀನು ಹುಡುಕುವವರಿಗೆ ಊರಿನ ಹೆಸರು ಸಾಲದು, ನಮ್ಮ ಸರ್ವೇ ನಂಬರಿನಂಥದ್ದು ಬೇಕು. ಕೆನಡಾದ 1872ರ ಜಮೀನು ಕಾಯ್ದೆಯಡಿ 10 ಡಾಲರ್ ಶುಲ್ಕಕ್ಕೆ ಸಿಗುತ್ತಿದ್ದುದು 160 ಎಕರೆ, ಅಂದರೆ ಸರ್ವೇಯಲ್ಲಿ ಸೆಕ್ಷನ್ ಎಂದು ಕರೆಯುವ ಚೌಕದ ಕಾಲು ಭಾಗ. ಇಂಥ 36 ಸೆಕ್ಷನ್ ಸೇರಿದ ದೊಡ್ಡ ಚೌಕವೇ ಟೌನ್‌ಶಿಪ್. ಸೆಕ್ಷನ್‌ಗಳ ಎಣಿಕೆ ಅದರ ಆಗ್ನೇಯ ಮೂಲೆಯಲ್ಲಿ ಶುರುವಾಗಿ ಪಶ್ಚಿಮಕ್ಕೆ 6ರವರೆಗೆ ಹೋಗುತ್ತದೆ. 7 ಅದರ ಮೇಲಿನ ಸಾಲಿನಲ್ಲಿ, ಅಲ್ಲಿಂದ ಪೂರ್ವಕ್ಕೆ. ನೇಗಿಲು ಹೂಡಿದ ಎತ್ತು ಹೊಲದ ಕೊನೆಯಲ್ಲಿ ಹೊರಳುವ ಹಾಗೇ.